ಬೆರಳೆತ್ತುವ ಕೋಣೆ

“ಆ ಕೋಣೆಯೊಳಗೆ ಯಾರು ಕೇಳಿದರೂ ಬಾಯಿಬಿಟ್ಟು ‘ಕೇಳಿಸ್ತು’ ಅನ್ನಬೇಡ. ಬೆರಳೆತ್ತು, ಸಾಕು. ಹೆತ್ತ ತಾಯಿ ಬಂದು ಕೇಳಿದರೂ ಅಷ್ಟೇ.”

ಮುದುಕ ಇದನ್ನು ಹೇಳಿದ್ದು ಕೈಯಲ್ಲಿದ್ದ ಅರವನ್ನು ತೊಡೆಯ ಮೇಲಿನ ಚಿಂದಿಗೆ ಒರೆಸುತ್ತ, ಅವಳ ಮುಖ ನೋಡದೆ. ಐವತ್ತು ವರ್ಷ ಉಕ್ಕಿಗೆ ಅರ ಹಾಕಿ ಹಾಕಿ ಅವನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಅರದಜ್ಜ.

“ಬಾಯಿಬಿಟ್ಟರೆ ಏನಾಗುತ್ತೆ ಅಜ್ಜ, ನೊಣ ಒಳಗೆ ಹೋಗುತ್ತಾ?” ಎಂದಳು ಸಣ್ಣಿ.

ಅರದಜ್ಜ ನಗಲಿಲ್ಲ. “ನೊಣ ಆಗಿದ್ದರೆ ಉಗುಳಬಹುದಿತ್ತು,” ಎಂದು ಅರವನ್ನು ಮತ್ತೆ ಉಕ್ಕಿಗೆ ಹಚ್ಚಿದ.

ಅದು ಶ್ರುತಿಕವೆ ಮಾಡುವ ಕಾರ್ಖಾನೆ. ಎರಡು ಕಾಲಿನ ಉಕ್ಕಿನ ಕಡ್ಡಿ, ಬಡಿದರೆ ಒಂದೇ ಒಂದು ಸ್ವರ ಹೇಳುವಂಥದ್ದು. ಕಿವಿಯ ಡಾಕ್ಟರರಿಗೆ, ಶಾಲೆಯ ಪ್ರಯೋಗಾಲಯಗಳಿಗೆ, ವಾದ್ಯ ರಿಪೇರಿಯವರಿಗೆ ಹೋಗುತ್ತಿತ್ತು. ಮುಂಭಾಗದಲ್ಲಿ ಕುಲುಮೆ, ನಡುವೆ ಅರದ ಮೇಜುಗಳು, ಹಿಂಭಾಗದಲ್ಲಿ ಕಾದ ಉಕ್ಕನ್ನು ಅದ್ದುವ ಎಣ್ಣೆಯ ತೊಟ್ಟಿ. ಸುಟ್ಟ ಎಣ್ಣೆ, ಚರ್ಮ, ಬೆವರು ಎಲ್ಲ ಸೇರಿದ ಒಂದು ವಾಸನೆ ಬಾಗಿಲಲ್ಲೇ ಮೂಗು ಹಿಡಿಯುತ್ತಿತ್ತು. ಇವೆಲ್ಲದರಿಂದ ದೂರ, ಮೂರು ಬಾಗಿಲುಗಳಾಚೆ, ಗೋಡೆಗೆ ಸದ್ದು ಹೀರುವ ಬಿರಡೆಯ ಹಲಗೆ ಬಡಿದು ಕಂಬಳಿ ಹೊದಿಸಿದ ಒಂದು ಕೋಣೆಯಿತ್ತು. ನಡುವೆ ಹಲಗೆಯ ಅಡ್ಡಗೋಡೆ, ಅದರಲ್ಲೊಂದು ತೂತು. ಈಚೆ ಕೂತವರು ಹೊಸ ಕವೆಯನ್ನೂ ಅಳತೆಯ ಕವೆಯನ್ನೂ ಬಡಿದು ತೂತಿನ ಹತ್ತಿರ ಹಿಡಿಯಬೇಕು. ಆಚೆ ಕೂತವರು ಎರಡೂ ನಾದ ಒಂದಾಗಿವೆಯೋ ಇಲ್ಲವೋ ಎಂದು ಕೇಳಬೇಕು. ಒಂದಾದರೆ ಅಡ್ಡಗೋಡೆಯ ಮೇಲಕ್ಕೆ ಒಂದು ಬೆರಳು ಏಳಬೇಕು. ಮಾತಿಲ್ಲ.

ಮಾತಾಡಿದರೆ ನಾದ ಕೆಡುತ್ತದೆ, ಅದಕ್ಕೇ ಈ ಪದ್ಧತಿ ಎಂದು ಸಣ್ಣಿ ಮೊದಲ ದಿನವೇ ಲೆಕ್ಕ ಹಾಕಿದ್ದಳು. ಭೌತಶಾಸ್ತ್ರದಲ್ಲಿ ಪದವಿ ಮಾಡಿದವಳು. ಎಲ್ಲ ಮೂಢನಂಬಿಕೆಗೂ ಹಿಂದೆ ಒಂದು ಒಳ್ಳೆಯ ಕಾರಣ ಇರುತ್ತದೆ, ಕಾರಣ ಮರೆತವರು ದೆವ್ವವನ್ನು ತಂದು ಕೂರಿಸುತ್ತಾರೆ ಎಂಬುದು ಅವಳ ಸಿದ್ಧಾಂತ. ಮಧ್ಯಾಹ್ನ ಊಟಕ್ಕೆ ಕೂತಾಗ ಅರದಜ್ಜನ ಹಾಗೆ ಕಣ್ಣು ಕಿರಿದು ಮಾಡಿ, “ಹೆತ್ತ ತಾಯಿ ಬಂದು ಕೇಳಿದರೂ...” ಎಂದು ಅಣಕಿಸಿದಳು. ಪ್ಯಾಕಿಂಗಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಅಕ್ಕ ಮಾತ್ರ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದಳು.

ಕೆಲಸ ಕೊಡಿಸಿದ್ದು ಅಕ್ಕನೇ. ಹತ್ತು ವರ್ಷದಿಂದ ಆ ಕೋಣೆಯಲ್ಲಿ ಕವೆ ಬಡಿಯುವವಳು. ‘ನಿನ್ನ ಕಿವಿ ನನ್ನದಕ್ಕಿಂತ ಚುರುಕು, ಒಂಟಿಯಾಗಿ ಹಾಸ್ಟೆಲಿನಲ್ಲಿ ಯಾಕೆ ಕೊಳೆಯುತ್ತೀಯ, ಬಾ’ ಎಂದು ಮೂರು ಸಲ ಕಾಗದ ಬರೆದಿದ್ದಳು. ಅಮ್ಮ ತೀರಿಕೊಂಡಾಗ ಸಣ್ಣಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಆಮೇಲೆ ಜ್ವರ ಬಂದಾಗ ಹಣೆ ಮುಟ್ಟಿದ ಕೈ, ಜಡೆ ಹೆಣೆದ ಕೈ, ಪರೀಕ್ಷೆಯ ಹೊತ್ತಿಗೆ ದೀಪ ಸರಿಮಾಡಿದ ಕೈ ಎಲ್ಲವೂ ಅಕ್ಕನದೇ. ಕರೆದ ಮೇಲೆ ಬಾರದಿರುವುದು ಹೇಗೆ?

ಅಕ್ಕನ ಮನೆಯಲ್ಲಿ ಮೊದಲ ದಿನ ಅವಳಿಗೆ ವಿಚಿತ್ರವೆನ್ನಿಸಿದ್ದು ಅಲ್ಲಿನ ಸದ್ದಿಲ್ಲದಿರುವಿಕೆ. ಕುರ್ಚಿಯ ಕಾಲುಗಳಿಗೆಲ್ಲ ಕಂಬಳಿಯ ಚೂರು ಕಟ್ಟಿತ್ತು. ಅಡುಗೆಮನೆಯಲ್ಲಿ ಎಲ್ಲ ಮರದ ಸೌಟು. ಒಂದೇ ಒಂದು ಸ್ಟೀಲಿನ ಪಾತ್ರೆಯಿಲ್ಲ. ಬಾಗಿಲಿನ ಕೀಲುಗಳಿಗೆ ವಾರಕ್ಕೊಮ್ಮೆ ಎಣ್ಣೆ. ಕರೆಗಂಟೆಯ ತಂತಿ ಕಿತ್ತು ಗೋಡೆಯಿಂದ ಜೋತಾಡುತ್ತಿತ್ತು. ಭಾವ ಹಡಗಿನಲ್ಲಿ ಕೆಲಸದವನು, ಆರು ತಿಂಗಳಿಗೊಮ್ಮೆ ಬಂದು ಹೋಗುವವನು. ಮನೆಯಲ್ಲಿ ಸದ್ದು ಅಂತ ಇದ್ದದ್ದು ಅಕ್ಕನ ಎಂಟು ವರ್ಷದ ಮಗಳು ಗಿಣಿ ಒಬ್ಬಳೇ. ಹುಟ್ಟಿದಾಗಿನಿಂದ ಬಾಯಿಗೆ ಬೀಗವಿಲ್ಲದ ಹುಡುಗಿ, ಅದಕ್ಕೇ ಆ ಹೆಸರು. ಆದರೆ ಅವಳೂ ಆ ಮನೆಯಲ್ಲಿ ತುದಿಗಾಲಲ್ಲಿ ನಡೆಯುತ್ತಿದ್ದಳು, ಮಾತೆಲ್ಲ ಪಿಸುಮಾತು. “ಚಿಕ್ಕಮ್ಮಾ, ನಿಂಗೊಂದು ಗುಟ್ಟು ಹೇಳ್ಲಾ?” ಎಂದು ಶುರುಮಾಡಿದರೆ ಶಾಲೆಯ ಬಸ್ಸಿನಲ್ಲಿ ಯಾರು ಯಾರ ಪೆನ್ಸಿಲ್ ಕದ್ದರು ಎನ್ನುವಲ್ಲಿಂದ ಮೇಷ್ಟರ ಹುಬ್ಬಿನವರೆಗೆ ಪಿಸಪಿಸನೆ ಹರಿಯುತ್ತಿತ್ತು.

ಕಿವಿಯಿಂದ ಉಣ್ಣುವವರು ಕಿವಿಯನ್ನು ಕಾಪಾಡಿಕೊಳ್ಳಬೇಕಲ್ಲ ಎಂದು ಅಕ್ಕ ಹೇಳಿದಳು. ಸಣ್ಣಿ ನಂಬಿದಳು. ಅಕ್ಕನ ಕಣ್ಣ ಕೆಳಗಿನ ಕಪ್ಪನ್ನು ಮಾತ್ರ ಅವಳು ಕೆಲಸದ ದಣಿವು ಎಂದುಕೊಂಡಳು.

ಎರಡನೆಯ ವಾರದ ಒಂದು ಮಧ್ಯಾಹ್ನ. ದಿನದ ಕವೆಗಳೆಲ್ಲ ಮುಗಿದಿದ್ದವು. ಸಣ್ಣಿ ಏಳಬೇಕೆಂದಿದ್ದಾಗ ಅಡ್ಡಗೋಡೆಯ ಆಚೆಯಿಂದ ಅಕ್ಕ, “ಇರು, ಇನ್ನೊಂದಿದೆ,” ಎಂದಳು. ಆ ಕೋಣೆಯಲ್ಲಿ ಅಕ್ಕ ಮಾತಾಡಿದ್ದು ಅದೇ ಮೊದಲು.

ಏನನ್ನೋ ಸುತ್ತಿದ ಬಟ್ಟೆ ಬಿಚ್ಚುವ ಸಪ್ಪಳ. ಆಮೇಲೆ ನಾದ.

ಅದು ಯಾವ ಅಳತೆಯ ಕವೆಯದೂ ಆಗಿರಲಿಲ್ಲ. ತೆಳ್ಳಗೆ, ನೇರವಾಗಿ, ಸೂಜಿಯ ಕಣ್ಣಿನೊಳಗಿಂದ ಎಳೆದ ತಂತಿಯ ಹಾಗೆ ತೂತಿನಿಂದ ಬಂತು. ಕೋಣೆಯೊಳಗೆ ಒದ್ದೆ ಮಣ್ಣಿನ, ತುಕ್ಕಿನ ವಾಸನೆ ಎದ್ದಿತು.

“ಕೇಳಿಸ್ತಾ?”

ಸಣ್ಣಿ ಬೆರಳೆತ್ತಿದಳು.

“ಬಾಯಲ್ಲಿ ಹೇಳು.”

ಬೆರಳು ಮೇಲೆಯೇ ಇತ್ತು. ಅಕ್ಕ ನಕ್ಕಳು. ಆ ನಗುವಿನಲ್ಲಿ ಒಂದು ಎಳೆ ನಡುಗಿದ್ದು ಎಷ್ಟೋ ದಿನಗಳ ಮೇಲೆ ಸಣ್ಣಿಗೆ ನೆನಪಾಗಲಿತ್ತು. “ಅಯ್ಯೋ, ನೀನೂ ಆ ಮುದುಕನ ಮಾತು ನಂಬಿಬಿಟ್ಟೆಯಾ? ಇಷ್ಟೆಲ್ಲ ಓದಿ?”

ಅಣಕಿಸಿದವಳನ್ನು ಅವಳ ಅಣಕದಿಂದಲೇ ಕಟ್ಟಿಹಾಕಿದಂತಾಯಿತು. ಸಣ್ಣಿಗೆ ನಾಚಿಕೆಯಾಯಿತು. “ಕೇಳಿಸ್ತು,” ಎಂದಳು.

“ಕೇಳಿಸ್ತಾ?”

“ಕೇಳಿಸ್ತು ಅಂದೆನಲ್ಲ.”

“ಇನ್ನೊಂದು ಸಲ. ಕೇಳಿಸ್ತಾ?”

“ಕೇಳಿಸ್ತು ಮಾರಾಯ್ತಿ, ಕೇಳಿಸ್ತು.”

ನಾದ ನಿಂತುಹೋಯಿತು. ಸಾಮಾನ್ಯವಾಗಿ ಕವೆಯ ನಾದ ಸಣ್ಣಗಾಗುತ್ತ, ಸಣ್ಣಗಾಗುತ್ತ, ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಮುಗಿಯುತ್ತದೆ. ಇದು ಬಾಗಿಲು ಮುಚ್ಚಿದ ಹಾಗೆ ನಿಂತಿತು. ಅಡ್ಡಗೋಡೆಯಾಚೆ ಅಕ್ಕ ತುಂಬ ಹೊತ್ತು ಉಸಿರೇ ಬಿಡಲಿಲ್ಲ. ಬಿಟ್ಟಾಗ ಅದು ಅಳುವಿನಂತಿತ್ತು.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಎದ್ದಾಗ ಸಣ್ಣಿಯ ಎಡಗಿವಿಯಲ್ಲಿ ನಾದದ ಒಂದು ಎಳೆ ಇತ್ತು. ಹಲ್ಲುಜ್ಜುವಾಗ ಇತ್ತು, ಬಸ್ಸಿನಲ್ಲಿತ್ತು, ಕುಲುಮೆಯ ಗದ್ದಲದೊಳಗೂ ಇತ್ತು. ಸಂಜೆಗೆ ಬಲಗಿವಿಗೂ ದಾಟಿತು. ವಾರ ಕಳೆಯುವಷ್ಟರಲ್ಲಿ ಅದು ಕಿವಿಯಲ್ಲಿರಲಿಲ್ಲ. ತಲೆಯ ನಟ್ಟನಡುವೆ, ಎರಡು ಗೋಡೆಗೆ ಬಿಗಿದು ಕಟ್ಟಿದ ತಂತಿಯ ಹಾಗೆ ನಿಂತು ಮಿಡಿಯುತ್ತಿತ್ತು. ಅದೇ ನಾದ. ಅವಳಿಗೆ ಗುರುತು ಸಿಕ್ಕಿತ್ತು. ಆದರೂ ಕಾರ್ಖಾನೆಯ ಸದ್ದಿಗೆ ಹೀಗಾಗುವುದು ಸಹಜವೆಂದು ತನಗೆ ತಾನೇ ಪಾಠ ಹೇಳಿಕೊಂಡಳು.

ಡಾಕ್ಟರರು ಗಾಜಿನ ಗೂಡಿನೊಳಗೆ ಕೂರಿಸಿ ಪರೀಕ್ಷೆ ಮಾಡಿದರು. ಕಿವಿ ಚೆನ್ನಾಗಿದೆ, ನೂರರಲ್ಲಿ ಒಬ್ಬರಿಗೂ ಇಂಥ ಕಿವಿ ಇರುವುದಿಲ್ಲ ಎಂದರು. ಒಳಗಿನ ಮೊರೆತಕ್ಕೆ ಮದ್ದಿಲ್ಲ, ಅಭ್ಯಾಸವಾಗುತ್ತದೆ, ಫ್ಯಾನ್ ಹಾಕಿಕೊಂಡು ಮಲಗಿ, ಅದರ ಕಡೆ ಗಮನ ಕೊಡಬೇಡಿ. ಮನೆಗೆ ಬೆಂಕಿ ಬಿದ್ದವಳಿಗೆ ಆ ಕಡೆ ನೋಡಬೇಡ ಎಂದ ಹಾಗೆ. ಅವಳು ಫ್ಯಾನ್ ಹಾಕಿದಳು. ನಲ್ಲಿ ಸಣ್ಣಗೆ ಬಿಟ್ಟು ಅದರ ಪಕ್ಕ ಕೂತಳು. ರೇಡಿಯೋವನ್ನು ಎರಡು ಕೇಂದ್ರಗಳ ನಡುವೆ ನಿಲ್ಲಿಸಿ ಅದರ ಬುಸುಬುಸು ಶಬ್ದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ಎಂಟು ಹತ್ತು ದಿನ ಅದರಿಂದ ಅಷ್ಟಿಷ್ಟು ನಿದ್ದೆ ಬಂತು.

ಆಮೇಲೆ ಹೊರಗಿನ ಸದ್ದುಗಳು ಹಲ್ಲು ಮಸೆಯತೊಡಗಿದವು. ಕಾಗದ ಮಡಚಿದರೆ ಚರ್ಮ ಸುಲಿದ ಹಾಗೆ. ಬಟ್ಟಲಿಗೆ ಚಮಚ ತಾಗಿದರೆ ಹುಬ್ಬಿನ ನಡುವೆ ಮೊಳೆ. ತಾನು ಅಗಿಯುವ ಸದ್ದಿಗೇ ಹೆದರಿ ಎಲ್ಲವನ್ನೂ ನೀರಿನಲ್ಲಿ ಕಲಸಿ ನುಂಗತೊಡಗಿದಳು. ಆ ಕೋಣೆಯಲ್ಲಿ ಎರಡು ಕವೆಗಳ ಜೊತೆ ಮೂರನೆಯದೊಂದು ಸದಾ ಹಾಡುತ್ತಿರುವಾಗ ಯಾವುದು ಯಾವುದಕ್ಕೆ ಹೊಂದಿತೆಂದು ಹೇಳುವುದು ಹೇಗೆ? ಅವಳು ಬೆರಳೆತ್ತಿ ಪಾಸು ಮಾಡಿದ ನಲವತ್ತು ಕವೆಗಳು ಆಸ್ಪತ್ರೆಯೊಂದರಿಂದ ವಾಪಸು ಬಂದವು. ಯಜಮಾನರು ಬೈಯಲಿಲ್ಲ. ಒಂದು ತಿಂಗಳು ಮನೆಯಲ್ಲಿರಮ್ಮ ಎಂದರು. ಜಗತ್ತಿನಲ್ಲಿ ಅವಳದು ಅಂತ ಇದ್ದದ್ದು ಎರಡೇ: ಅಕ್ಕ ಮತ್ತು ಕಿವಿ. ಒಂದು ಹೋಯಿತು, ಇನ್ನೊಂದಿದೆಯಲ್ಲ ಎಂದುಕೊಂಡಳು.

ಅಕ್ಕ ಹೂವಿನಂತೆ ನೋಡಿಕೊಂಡಳು. ದಿನಾ ಬೆಳಿಗ್ಗೆ ಮೇಣವನ್ನು ಅಂಗೈಯಲ್ಲಿ ಹೊಸೆದು ಬೆಚ್ಚಗೆ ಮಾಡಿ, ಹೊಸದೊಂದು ಜೋಡಿ ಉಂಡೆ ಕಟ್ಟಿ, ತಾನೇ ಅವಳ ಕಿವಿಗಿಡುತ್ತಿದ್ದಳು. “ನಾನು ಬರುವವರೆಗೆ ತೆಗೀಬೇಡ ಕಂದ, ಗಾಳಿ ತಾಗಿದರೆ ಜಾಸ್ತಿಯಾಗುತ್ತೆ.” ಭಾನುವಾರ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಾಚಣಿಗೆಗೆ ಅಂಟಿದ ಗುಂಗುರು ಕೂದಲನ್ನು ಜೋಪಾನವಾಗಿ ಬೆರಳಿಗೆ ಸುತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಮೇಣ ಕಿವಿ ತುಂಬಿದಾಗ ಹೊರಗಿನ ಲೋಕ ಮುಚ್ಚಿಕೊಳ್ಳುತ್ತಿತ್ತು. ಒಳಗಿನದು ಮಾತ್ರ ಇನ್ನಷ್ಟು ಹತ್ತಿರ ಸರಿದು ಕೂರುತ್ತಿತ್ತು. ಮೊರೆತ ಶುರುವಾದ ದಿನದಿಂದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಪೆನ್ಸಿಲ್ ಗೀಟು ಎಳೆಯುತ್ತ ಸಣ್ಣಿ ಕಾದಳು, ಅಭ್ಯಾಸವಾಗಲಿ ಎಂದು.

ಒಂದು ಬೆಳಿಗ್ಗೆ ಅಡುಗೆಮನೆಯಿಂದ ಠಣ್ ಎಂದು ಬಂತು.

ಮೇಣದ ಮೂಲಕವೂ ಬಂತು. ಸಣ್ಣಿ ಗೋಡೆ ಹಿಡಿದು ನಿಂತಳು. ನೋಡಿದರೆ ಅಕ್ಕನ ಕೈಯಲ್ಲಿ ಹೊಸ ಸ್ಟೀಲಿನ ಸೌಟು. ಜಾರಿ ಬಿತ್ತು ಎಂದಳು ಅಕ್ಕ. ಬಿದ್ದದ್ದಕ್ಕೆ ಅವಳು ಬೆಚ್ಚಿರಲಿಲ್ಲ. ಬಿದ್ದದ್ದನ್ನು ಕೇಳಿದ ಸುಖ ಅವಳ ಮುಖದ ಮೇಲೆ ಇನ್ನೂ ಇತ್ತು.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಕುರ್ಚಿಯ ಕಾಲುಗಳಲ್ಲಿ ಕಂಬಳಿಯ ಚೂರಿಲ್ಲ. ಬಾಗಿಲು ಕಿರುಗುಟ್ಟುತ್ತಿದೆ. ಕರೆಗಂಟೆಯ ತಂತಿಯನ್ನು ಯಾರೋ ಮತ್ತೆ ಜೋಡಿಸಿದ್ದಾರೆ. ಗಿಣಿ ಮನೆಯೊಳಗೆ ಓಡುತ್ತಾಳೆ, ಕೂಗುತ್ತಾಳೆ, ಯಾರೂ ಬೇಡವೆನ್ನುವುದಿಲ್ಲ. ಅಕ್ಕ ಬಟ್ಟೆ ಒಗೆಯುತ್ತ ಹಾಡಿಕೊಳ್ಳುತ್ತಾಳೆ. ಅವಳ ಕಣ್ಣ ಕೆಳಗಿನ ಕಪ್ಪು ಮಾಯವಾಗಿ, ಕೆನ್ನೆ ತುಂಬಿಕೊಂಡಿತ್ತು. ಕನ್ನಡಿಯಲ್ಲಿ ಸಣ್ಣಿ ತನ್ನ ಕಣ್ಣ ಕೆಳಗೆ ನೋಡಿದಳು. ಕಪ್ಪು ಅಲ್ಲಿಗೆ ಬಂದು ಕೂತಿತ್ತು.

ಮನಸ್ಸು ಒಪ್ಪಲಿಲ್ಲ. ಕಾಯಿಲೆಯವರಿಗೆ ಲೋಕವೆಲ್ಲ ಹುಳ್ಳಗೆ, ಅಕ್ಕನಂಥ ಅಕ್ಕನ ಮೇಲೆ ಅನುಮಾನವೇ ಎಂದು ತನ್ನನ್ನೇ ಬೈದುಕೊಂಡಳು. ಆ ದಿನ ಹನ್ನೊಂದರ ಸುಮಾರಿಗೆ, ಅಕ್ಕ ಕೆಲಸಕ್ಕೆ ಹೋದ ಮೇಲೆ, ಉರಿ ತಾಳದೆ ಕಿವಿಯ ಮೇಣ ತೆಗೆದು ಕಿಟಕಿಯ ತಗಡಿನ ಅಂಚಿನ ಮೇಲಿಟ್ಟಳು. ಒದ್ದೆ ಬಟ್ಟೆ ಹಣೆಗಿಟ್ಟು ಮಲಗಿದಳು. ಎದ್ದಾಗ ಬಿಸಿಲು ಕಿಟಕಿಗೆ ಬಂದಿತ್ತು. ಮೇಣ ಕರಗಿ ತಗಡಿನ ಮೇಲೆ ಹರಡಿತ್ತು.

ಅದರ ನಡುವೆ ಎರಡು ಕಪ್ಪು ಗಂಟುಗಳಿದ್ದವು.

ಸೂಜಿಯಿಂದ ಬಿಡಿಸಿದಳು. ಒಂದೊಂದರಲ್ಲೂ ಕಪ್ಪು ದಾರ, ಏಳು ಗಂಟು. ಅದರೊಳಗೆ ಹಿಟ್ಟಿನಷ್ಟು ನುಣ್ಣಗಿನ ಉಕ್ಕಿನ ಪುಡಿ. ಪುಡಿಯ ಸುತ್ತ ಬಿಗಿದ ಒಂದು ಕೂದಲು. ಅಕ್ಕನ ಕೂದಲು ನೀಟಾಗಿ ನೇರ. ಇದು ಗುಂಗುರು.

ಅವಳು ಅಳಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು, ಬೀದಿಯ ಒಂದೊಂದು ಹಾರ್ನಿಗೂ ಗೋಡೆಗೆ ಆತುಕೊಳ್ಳುತ್ತ, ಕಾರ್ಖಾನೆಯ ಹಿಂಬಾಗಿಲಿಗೆ ನಡೆದಳು. ಅಕ್ಕ ಒಳಗೆ ಕಂಬಳಿಯ ಕೋಣೆಯಲ್ಲಿದ್ದಳು. ಅರದಜ್ಜ ಎಣ್ಣೆಯ ತೊಟ್ಟಿಯ ಹತ್ತಿರ ಬೀಡಿ ಸೇದುತ್ತಿದ್ದ. ಅವಳು ಅಂಗೈ ಬಿಚ್ಚಿ ತೋರಿಸಿದಳು. ಮುದುಕ ಬೀಡಿಯನ್ನು ಎಣ್ಣೆಗೆ ತಾಗದಂತೆ ದೂರ ಎಸೆದ.

ಆಮೇಲೆ ತಡೆತಡೆದು ಹೇಳಿದ. ಕಾರ್ಖಾನೆ ಶುರುಮಾಡಿದ್ದು ಇಬ್ಬರು ಅಣ್ಣತಮ್ಮಂದಿರು. ತಮ್ಮನ ಕೈಯಲ್ಲಿ ಒಂದು ಕವೆ ಹುಟ್ಟಿತು, ಕುಂದಿಲ್ಲದ್ದು. ಅಣ್ಣನಿಗೆ ಅದು ತನ್ನ ಹೆಸರಿನಲ್ಲಿ ಬೇಕಾಯಿತು. ತಮ್ಮನನ್ನು ಆ ಕೋಣೆಯೊಳಗೆ ಹಾಕಿ ಹೊರಗಿನಿಂದ ಅಗುಳಿ ಹಾಕಿದ. ಒಳಗಿದ್ದವನು ಕವೆ ಬಡಿದು ಬಡಿದು ಕೇಳಿದ, ಅಣ್ಣಾ ಕೇಳಿಸ್ತಾ, ಬಾಗಿಲು ತೆಗಿ. ಅಣ್ಣ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ. ಮೂರು ಸಲ ಹೇಳಿದ, ಕೇಳಿಸ್ತು ಅಂತ. ತೆಗೆಯಲಿಲ್ಲ. ಉಸಿರು ಹೋಗುವ ಮುಂಚೆ ತಮ್ಮ ಆ ಉಕ್ಕಿಗೆ ತನ್ನ ರಕ್ತ ಸವರಿ ಮಾಟ ಕಟ್ಟಿದ. ಕೇಳಿಸಿದ್ದು ನಿನ್ನದಾಗಲಿ, ನಿನ್ನನ್ನು ನಂಬಿದವರ ಕೈಗೆ ಕೊಡುವವರೆಗೂ ನಿನ್ನನ್ನು ಬಿಡದಿರಲಿ, ಎಂದು.

“ಅವತ್ತಿನಿಂದ ಕೈಯಿಂದ ಕೈಗೆ ಬಂದಿದೆ. ಕಿವಿ ಕಿತ್ತುಕೊಂಡರೂ ಹೋಗಲ್ಲ, ಅದು ಕಿವೀಲಿರೋದಲ್ಲ. ಕವೆ ಬಡಿದು ಮೂರು ಸಲ ಕೇಳಬೇಕು. ಮೂರನೇ ಸಲದ ‘ಕೇಳಿಸ್ತು’ ಯಾರ ಬಾಯಿಂದ ಬರುತ್ತೋ ಅದು ಅವರದು. ಆಮೇಲೆ ಕಿವಿಗೆ ಕೂದಲಿನ ಮೇಣ ಇಟ್ಟು, ಕೊಟ್ಟ ದಿನದಿಂದ ನಲವತ್ತು ದಿನ ತುಂಬಿಸಿದರೆ ಮುದ್ರೆ ಬಿದ್ದ ಹಾಗೆ. ಇನ್ನು ಯಾರಿಗೂ ಕೊಡೋಕಾಗಲ್ಲ.”

ಸಣ್ಣಿ ಕ್ಯಾಲೆಂಡರಿನ ಗೀಟುಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಮೊದಲಿನ ಮೂರು ದಿನ ಸೇರಿ ಇವತ್ತಿಗೆ ಮೂವತ್ತೊಂಬತ್ತು.

“ಅಕ್ಕನಿಗೆ ಯಾರು ಕೊಟ್ಟರು?”

“ಅವಳಿಗೆ ಕೆಲಸ ಕಲಿಸಿದವಳು. ಜೀವದ ಗೆಳತಿ. ಏಳು ವರ್ಷ ಆಯ್ತು. ಅವಳು ಮೇಣದ ಮುದ್ರೆ ಹಾಕೋಕೆ ಮುಂಚೆ ಊರು ಬಿಟ್ಟಳು, ಅದಕ್ಕೇ ನಿಮ್ಮಕ್ಕನಿಗೆ ದಾರಿ ಉಳೀತು.” ಮುದುಕ ತನ್ನ ನುಣುಪು ಬೆರಳುಗಳನ್ನು ನೋಡಿಕೊಂಡ. “ಯಾರನ್ನೋ ಹೊರಗಿನವರನ್ನ ತರ್ತಾಳೆ ಅಂದ್ಕೊಂಡಿದ್ದೆ. ಒಡಹುಟ್ಟಿದವಳನ್ನೇ ತಂದಾಗ, ಇಲ್ಲ, ಇದಕ್ಕಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಆದರೂ ಬಾಯಿ ತಡೀಲಿಲ್ಲ, ಅಷ್ಟು ಹೇಳಿದೆ.”

“ಕೊಟ್ಟವಳಿಗೇ ವಾಪಸು ಹೋಗುತ್ತಾ?”

“ತಾನಾಗಿ ಹೋಗಲ್ಲ. ಅವಳೇ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಗೊತ್ತಿದ್ದೂ ಗೊತ್ತಿದ್ದೂ ಯಾರಮ್ಮ ಒಪ್ಕೋತಾರೆ?”

ಮನೆಗೆ ಬಂದು ಸಣ್ಣಿ ಅಕ್ಕನ ಬಾಚಣಿಗೆಯ ಡಬ್ಬಿ ತೆಗೆದಳು. ತಳದಲ್ಲಿ, ಬಟ್ಟೆಯೊಳಗೆ, ಅದಿತ್ತು. ಕಪ್ಪಗೆ, ತಣ್ಣಗೆ, ಅಂಕಿ ಅಚ್ಚಾಗದ ಕವೆ. ಒಂದು ಕಾಲಿನ ತುದಿಯಲ್ಲಿ ಹೊಸದಾಗಿ ಅರ ಹಾಕಿದ ಗೀರುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಮೇಣದೊಳಗಿನ ಪುಡಿಗೆಂದು ದಿನಾ, ಕುರ್ಚಿಯಲ್ಲಿ ಕೂತು, ಯಾರೋ ಶ್ರದ್ಧೆಯಿಂದ ಸವೆಸಿದ್ದರು. ಅದನ್ನು ಮುಟ್ಟಿದೊಡನೆ ತಲೆಯೊಳಗಿನ ತಂತಿ ಗುರುತಿನವರನ್ನು ಕಂಡ ನಾಯಿಯಂತೆ ಎದ್ದು ಕುಣಿಯಿತು.

ನಾಲ್ಕು ಗಂಟೆಗೆ ಅಕ್ಕ ಬಂದಳು. ಮೇಜಿನ ಮೇಲಿನ ಕವೆಯನ್ನೂ ಬಿಚ್ಚಿದ ಗಂಟುಗಳನ್ನೂ ನೋಡಿದಳು. ಚೀಲ ಕೆಳಗಿಟ್ಟಳು. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ. ಅದು ಸಣ್ಣಿಯ ಎದೆಗೆ ಇನ್ನೊಂದು ಪೆಟ್ಟಾಯಿತು. ಸುಳ್ಳು ಹೇಳಿದ್ದರೆ ನಂಬುವುದಕ್ಕೆ ಅವಳ ಒಂದು ಮೂಲೆ ಇನ್ನೂ ಕಾದಿತ್ತು.

“ನಾನೇ ಯಾಕೆ?”

“ನನ್ನ ನಂಬುವವರು ಇನ್ಯಾರಿದ್ದಾರೆ?” ಅಕ್ಕ ನೆಲ ನೋಡುತ್ತ ಹೇಳಿದಳು. ಆಮೇಲೆ ನಿಧಾನವಾಗಿ, ಕಲಿತ ಪಾಠದಂತೆ, ಒಂದೊಂದಾಗಿ ಹೇಳಿದಳು. ಏಳು ವರ್ಷ ತಾನು ಹೊತ್ತದ್ದು. ಸಾಯೋಣವೆಂದು ಎರಡು ಸಲ ಸೇತುವೆಯವರೆಗೆ ಹೋಗಿ ಬಂದದ್ದು. ಹೊತ್ತವರು ಸತ್ತರೆ ಅದು ಹೊಟ್ಟೆಯ ಕುಡಿಗೆ ಹೋಗುತ್ತದೆ ಎಂದು ಯಾರೋ ಹೇಳಿದ್ದು. “ಒಂದು ದಿನ ಗಿಣಿ ನನ್ನ ಎದೆ ಮೇಲೆ ಮಲಗಿದ್ದವಳು ತಲೆ ಎತ್ತಿ, ಅಮ್ಮಾ, ನಿನ್ನೊಳಗೆ ಅದೇನು ಕೂಗ್ತಿದೆ ಅಂದಳು. ಅವತ್ತೇ ನಿನಗೆ ಕಾಗದ ಬರೆದೆ.”

“ನನ್ನನ್ನೂ ನೀನೇ ಸಾಕಿದ್ದೆ ಅಕ್ಕ.”

“ಸಾಕಿದ್ದೆ,” ಎಂದಳು ಅಕ್ಕ. ಅಷ್ಟಕ್ಕೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ನಿಲ್ಲಿಸಲಿಲ್ಲ. “ನಿನಗೇನು, ಗಂಡನೇ ಮಕ್ಕಳೇ. ನೀನು ಹೇಗೋ ತಡ್ಕೋತೀಯ.”

ಹದಿನೆಂಟು ವರ್ಷದ ಜಡೆ, ಜ್ವರ, ದೀಪ ಎಲ್ಲವೂ ಆ ಒಂದು ಮಾತಿನಲ್ಲಿ ಗಂಟು ಬಿಚ್ಚಿ ಬಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದದ್ದಷ್ಟೇ ಅಲ್ಲ. ಮೇಯುವುದಕ್ಕೆಂದೇ ಹೊಲ ಬೆಳೆಸಿದ್ದೆ ಎಂದು ಹೇಳಿದ ಹಾಗಿತ್ತು.

ಆಗ ಕರೆಗಂಟೆ ಮೊಳಗಿತು.

ಸಣ್ಣಿಯ ಕಣ್ಣೆದುರು ಬಿಳಿ ಬೆಂಕಿ ಎದ್ದಿತು. ಬಾಗಿಲು ತಳ್ಳಿಕೊಂಡು ಗಿಣಿ ಒಳಗೆ ಓಡಿಬಂದಳು. ಒಂದು ಕಾಲಿನ ಬೂಟು ಬಾಗಿಲಲ್ಲಿ, ಇನ್ನೊಂದು ನಡುಮನೆಯಲ್ಲಿ. “ಚಿಕ್ಕಮ್ಮಾ, ಇವತ್ತು ಬಸ್ಸಲ್ಲಿ ಏನಾಯ್ತು ಗೊತ್ತಾ...”

“ಗಿಣಿ, ಇಲ್ಲಿ ಬಾ.”

ದನಿ ತನ್ನದಲ್ಲವೆನ್ನಿಸಿತು. ಕೈ ತನ್ನದೇ. ಕೈ ಕವೆಯನ್ನು ಎತ್ತಿತು. ಮೇಜಿನ ಅಂಚಿಗೆ ಬಡಿಯಿತು.

ನಾದ ಎದ್ದಿತು. ಒಳಗಿನದೂ ಹೊರಗಿನದೂ ಒಂದಾದವು. ಕೂದಲೆಳೆಯ ವ್ಯತ್ಯಾಸವಿಲ್ಲ. ತುಕ್ಕಿನ ವಾಸನೆ. ಒದ್ದೆ ಮಣ್ಣು. ಸಂಜೆಯ ಬೆಳಕು ಕಿಟಕಿಯಲ್ಲೇ ನಿಂತಿತು.

“ಕೇಳಿಸ್ತಾ?”

“ಓ, ಕೇಳಿಸ್ತು,” ಎಂದಳು ಗಿಣಿ. ಆಟವೆಂದುಕೊಂಡಿದ್ದಳು.

ಅಕ್ಕ ಹೆಜ್ಜೆ ಮುಂದಿಟ್ಟಳು. ಕಾಲು ಬರಲಿಲ್ಲ. ನಾದ ಕೋಣೆಯನ್ನು ತುಂಬಿತ್ತು. ನೀರಿನೊಳಗೆ ನಡೆದ ಹಾಗೆ. ಅವಳ ಬಾಯಿ ಆಡಿತು. ಸದ್ದು ಬರಲಿಲ್ಲ.

“ಕೇಳಿಸ್ತಾ?”

ಗಿಣಿ ಕಿವಿ ಮುಚ್ಚಿಕೊಂಡಳು. ಮುಖ ಬಿಳಿಚಿತ್ತು. “ಕೇಳಿಸ್ತು ಚಿಕ್ಕಮ್ಮಾ. ಸಾಕು. ನೋಯ್ತಿದೆ.”

ನಿಲ್ಲಿಸು ಎಂದಿತು ಸಣ್ಣಿಯೊಳಗೆ ಯಾವುದೋ ಒಂದು. ನಿಲ್ಲಿಸು. ಮಗು. ಕವೆ ನಡುಗುತ್ತಿತ್ತು. ಕೈ ನಡುಗುತ್ತಿರಲಿಲ್ಲ. ಮೂವತ್ತೊಂಬತ್ತು ದಿನ. ನಾಳೆ ಮುದ್ರೆ. ಆಮೇಲೆ ಎಂದೆಂದಿಗೂ. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಅವಳ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ.

“ಕೇಳಿಸ್ತಾ?”

ಗಿಣಿಯ ತುಟಿ ಬಿಚ್ಚಿತು.

“ನಂಗೆ,” ಎಂದಿತು ಒಂದು ಹರಿದ ದನಿ. “ನಂಗೆ ಕೇಳಿಸ್ತು. ನಂಗೆ.”

ಅಕ್ಕ ಮಗಳ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದಳು.

ನಾದ ನಿಂತಿತು. ಬಾಗಿಲು ಮುಚ್ಚಿದ ಹಾಗೆ.

ಸಣ್ಣಿಗೆ ಕೇಳಿಸಿದ್ದು ಮೊದಲು ಗೋಡೆಯ ಗಡಿಯಾರ. ಆಮೇಲೆ ಎಲ್ಲೋ ದೂರ ಒಂದು ಸೈಕಲ್ಲಿನ ಚೈನು. ಆಮೇಲೆ ತನ್ನದೇ ಉಸಿರು, ಮೆತ್ತಗೆ, ಬರಿದಾಗಿ. ಅವುಗಳ ನಡುವೆ ಏನೂ ಇರಲಿಲ್ಲ. ಏನೂ ಇಲ್ಲದಿರುವುದು ಅಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಅಕ್ಕ ನೆಲಕ್ಕೆ ಕುಸಿದು, ಎರಡೂ ಅಂಗೈಯಿಂದ ತಲೆಯನ್ನು ಒತ್ತಿ ಹಿಡಿದು, ಗಡಿಯಾರ ನಿಲ್ಲಿಸಿ, ಯಾರಾದರೂ ಗಡಿಯಾರ ನಿಲ್ಲಿಸಿ ಎಂದು ಬೇಡುತ್ತಿದ್ದಳು. ಏಳು ವರ್ಷ ಇದ್ದ ಜಾಗಕ್ಕೆ ಮರಳಲು ಅದಕ್ಕೆ ಮೂರು ದಿನ ಬೇಕಾಗಲಿಲ್ಲ.

ಅಮ್ಮನ ಕೈಯಿಂದ ಬಿಡಿಸಿಕೊಂಡ ಗಿಣಿ ಗೋಡೆಗೆ ಆತು ನಿಂತಿದ್ದಳು. ಅಮ್ಮನನ್ನು ನೋಡಲಿಲ್ಲ. ಚಿಕ್ಕಮ್ಮನನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

ಮರುದಿನ ಸಣ್ಣಿ ಕವೆಯನ್ನು ಕುಲುಮೆಗೆ ಹಾಕಿಸಿದಳು. ಅದು ಕರಗಲಿಲ್ಲ. ಕೆಂಪಾಗಲೂ ಇಲ್ಲ. ಅರದಜ್ಜ ಇಕ್ಕಳದಿಂದ ತೆಗೆದು, ಬಟ್ಟೆಯಲ್ಲಿ ಸುತ್ತಿ, ತೊಟ್ಟಿಯ ತಳಕ್ಕೆ ಬಿಟ್ಟ. ಅಕ್ಕ ಕವೆ ಎಲ್ಲಿದೆಯೆಂದು ಮತ್ತೆಂದೂ ಕೇಳಲಿಲ್ಲ, ನಾದವನ್ನು ಯಾರಿಗೆ ಕೊಡುತ್ತಾಳೆ? ಅವಳನ್ನು ನಂಬುವವಳು ಈಗ ಒಬ್ಬಳೇ, ಅವಳಿಗೆ ಎಂಟು ವರ್ಷ.

ಸಣ್ಣಿ ಆ ಮನೆ ಬಿಟ್ಟು ಹೋಗಲಿಲ್ಲ. ಹೋದರೆ ಮಗುವಿಗೆ ಅನ್ನ ಹಾಕುವವರಾರು? ಮೂಲೆಯ ಕತ್ತಲ ಕೋಣೆಯಲ್ಲಿ ಮಲಗಿರುವವಳಿಗೆ ಮೇಣ ಹೊಸೆದು ಕೊಡುವವರಾರು? ಬರೀ ಮೇಣ; ಅದರೊಳಗೆ ಏನೂ ಇಲ್ಲ. ಆದರೂ ಅಕ್ಕ ದಿನಾ ಉಂಡೆಯನ್ನು ಮುರಿದು ನೋಡಿಯೇ ಕಿವಿಗಿಡುತ್ತಾಳೆ. ಸಣ್ಣಿ ಕುರ್ಚಿಯ ಕಾಲುಗಳಿಗೆ ಮತ್ತೆ ಕಂಬಳಿ ಕಟ್ಟಿದ್ದಾಳೆ. ಸ್ಟೀಲಿನ ಸೌಟನ್ನು ಯಾರಿಗೋ ಕೊಟ್ಟಿದ್ದಾಳೆ. ಅವಳ ಕಿವಿ ಈಗ ಮೊದಲಿಗಿಂತ ಚುರುಕು. ಕಂಬಳಿಯ ಕೋಣೆಯಲ್ಲಿ ಅವಳ ಬೆರಳು ಒಮ್ಮೆಯೂ ತಪ್ಪುವುದಿಲ್ಲ. ಮಲಗುವ ಮುಂಚೆ ದಿನಾ ಒಂದು ಪ್ರಶ್ನೆ ಬಂದು ಎದುರಿಗೆ ಕೂರುತ್ತದೆ: ಅಕ್ಕ ಬಾಯಿಬಿಡದೆ ಇದ್ದಿದ್ದರೆ? ಅವಳು ಒಪ್ಪಿಕೊಳ್ಳುತ್ತಾಳೆಂದು ನನಗೆ ಗೊತ್ತಿತ್ತು ಎಂದು ಸಣ್ಣಿ ಹೇಳಿಕೊಳ್ಳುತ್ತಾಳೆ. ಅಷ್ಟು ಮೌನದಲ್ಲಿ ಆ ಮಾತು ಎಷ್ಟು ಟೊಳ್ಳು ಎಂಬುದೂ ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಇವತ್ತು ಸಂಜೆ ತಟ್ಟೆ ಹಾಕಿ ನಡುಮನೆಯಿಂದ ಕರೆದಳು.

“ಗಿಣಿ, ಊಟಕ್ಕೆ ಬಾ. ಕೇಳಿಸ್ತಾ?”

ಒಳಗೆ ಪುಸ್ತಕದ ಹಾಳೆ ಮಗುಚುತ್ತಿದ್ದದ್ದು ನಿಂತಿತು.

ಅರ್ಧ ತೆರೆದ ಬಾಗಿಲಿನ ಹಿಂದಿನಿಂದ, ನಿಧಾನವಾಗಿ, ಒಂದು ಪುಟ್ಟ ಬೆರಳು ಮೇಲೆದ್ದಿತು.